ವಿಮಾನ ಕಂಪನಿಗೆ ರಾಜಕೀಯ ಯಾಕೆ? ಪದೇ ಪದೇ ಬರುವ ಪ್ರಶ್ನೆಗಳಿಗೆ ಉತ್ತರ

ರದ್ದಾದ ಟಿಕೆಟ್ಟಿನ ದುಡ್ಡು, ಕಳೆದುಹೋದ ಬ್ಯಾಗು ಇವನ್ನು ಬಿಟ್ಟರೆ ನನಗೆ ಜಾಸ್ತಿ ಬರುವ ಪ್ರಶ್ನೆ ಇದೇ. ದೊಡ್ಡ ವಿಮಾನ ಕಂಪನಿಗಳು ಬಂದೂಕು, ಮತದಾನ, ಮದುವೆಯ ಹಕ್ಕು ಅಂತ ಯಾಕೆ ಬಾಯಿ ಹಾಕುತ್ತವೆ? ಬರೆಯುವವರಲ್ಲಿ ಬಹಳಷ್ಟು ಜನ ಅರ್ಧ ಕಥೆ ಓದಿರುತ್ತಾರೆ, ತೀರ್ಮಾನಕ್ಕೂ ಬಂದಿರುತ್ತಾರೆ. ನನ್ನಿಂದ ‘ಹೌದು’ ಅನ್ನಿಸಿಕೊಂಡರೆ ಅವರಿಗೆ ಸಾಕು. ಹಾಗಾಗಿ ಈ ಸಲ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಲಾಬಿ ಅಂದರೆ ಸರ್ಕಾರದವರ ಮನವೊಲಿಸುವ ಕೆಲಸ, ಅದಕ್ಕಿಂತ ಹೆಚ್ಚಿಗೆ ಅ ಆ ಇ ಈಯಿಂದ ಹೇಳುತ್ತ ಕೂರುವುದಿಲ್ಲ.

ಪ್ರಶ್ನೆ: ಅಮೆರಿಕದ ಡೆಲ್ಟಾ ಏರ್‌ಲೈನ್ಸ್ ಬಂದೂಕು ಸಂಘದವರಿಗೆ ಕೊಡುತ್ತಿದ್ದ ರಿಯಾಯಿತಿ ನಿಲ್ಲಿಸಿ, ಆ ರಿಯಾಯಿತಿಯಲ್ಲಿ ಮಾರಾಟವಾಗಿದ್ದ ಬರೀ 13 ಟಿಕೆಟ್ ವಿಷಯಕ್ಕೆ ವರ್ಷಕ್ಕೆ 4 ಕೋಟಿ ಡಾಲರ್ ತೆರಿಗೆ ವಿನಾಯಿತಿ ಕಳೆದುಕೊಂಡಿತಂತೆ. ವಿಮಾನ ಹಾರಿಸುವುದು ಬಿಟ್ಟು ಇದೆಲ್ಲ ಬೇಕಿತ್ತಾ?

ಕಳೆದುಕೊಳ್ಳಲಿಲ್ಲ. ಈ ಕಥೆಯನ್ನು ಮಾರ್ಚ್ ತಿಂಗಳಿಗೇ ಕತ್ತರಿಸಿ ಹಂಚುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಆಗಸ್ಟ್‌ವರೆಗೆ ಓದಬೇಕು.

2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನಲ್ಲಿ ಒಂದು ಶಾಲೆಗೆ ನುಗ್ಗಿದವನೊಬ್ಬ ಗುಂಡು ಹಾರಿಸಿ 17 ಜನರನ್ನು ಕೊಂದ. ಹತ್ತು ದಿನದ ನಂತರ ಡೆಲ್ಟಾ ಮತ್ತು ಯುನೈಟೆಡ್ ವಿಮಾನ ಕಂಪನಿಗಳೆರಡೂ ಒಂದು ನಿರ್ಧಾರ ಹೇಳಿದವು. ಬಂದೂಕು ಹಕ್ಕಿನ ಪರ ನಿಲ್ಲುವ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ ವಾರ್ಷಿಕ ಸಮ್ಮೇಳನಕ್ಕೆ ಹೋಗುವವರಿಗೆ ಇದ್ದ ಗುಂಪು ರಿಯಾಯಿತಿ ಇನ್ನು ಇಲ್ಲ, ಅಷ್ಟೇ. ಬಂದೂಕು ನಿಷೇಧಿಸಿ ಅಂತ ಡೆಲ್ಟಾ ಹೇಳಲಿಲ್ಲ. ನಾವು ಈ ಜಗಳದಲ್ಲಿ ಯಾರ ಕಡೆಯೂ ಇಲ್ಲ ಅಂದಿತು.

ಡೆಲ್ಟಾದ ಮುಖ್ಯ ಕಚೇರಿ ಇರುವುದು ಜಾರ್ಜಿಯಾದ ಅಟ್ಲಾಂಟಾದಲ್ಲಿ. ಅದೇ ಹೊತ್ತಿಗೆ ರಾಜ್ಯದ ಶಾಸನಸಭೆಯಲ್ಲಿ ವಿಮಾನ ಇಂಧನದ ಮೇಲಿನ ಮಾರಾಟ ತೆರಿಗೆ ತೆಗೆಯುವ ಪ್ರಸ್ತಾಪ ಇತ್ತು. ಅದರ ಲಾಭದ ಬಹುಪಾಲು ಡೆಲ್ಟಾಕ್ಕೇ. ಎರಡೇ ದಿನದಲ್ಲಿ ರಾಜ್ಯದ ಮೇಲ್ಮನೆಯ ಅಧ್ಯಕ್ಷತೆ ವಹಿಸುವ ಲೆಫ್ಟಿನೆಂಟ್ ಗವರ್ನರ್ ಕೇಸಿ ಕೇಗಲ್ ಟ್ವೀಟ್ ಮಾಡಿದರು. ಡೆಲ್ಟಾ ತನ್ನ ನಿಲುವು ಬದಲಿಸದಿದ್ದರೆ ಅದಕ್ಕೆ ಅನುಕೂಲವಾಗುವ ಯಾವ ತೆರಿಗೆ ಮಸೂದೆಯನ್ನೂ ಮುಂದೆ ಹೋಗಲು ಬಿಡುವುದಿಲ್ಲ ಅಂದರು. ಮಾರ್ಚ್ 1ಕ್ಕೆ ವಿನಾಯಿತಿಯನ್ನು ಮಸೂದೆಯಿಂದ ಕಿತ್ತು ಹಾಕಿದರು. ಮರುದಿನ ಸಿಇಒ ಎಡ್ ಬಾಸ್ಟಿಯನ್ ನೌಕರರಿಗೆ ಪತ್ರ ಬರೆದರು. ನಮ್ಮ ಮೌಲ್ಯಗಳು ಮಾರಾಟಕ್ಕಿಲ್ಲ ಅನ್ನುವ ಸಾಲು ಅದರಲ್ಲಿತ್ತು. ರಾಜಕೀಯವಾಗಿ ಜನರನ್ನು ಒಡೆಯುವಂಥ ಯಾವ ಗುಂಪಿಗೂ ಇನ್ನು ರಿಯಾಯಿತಿ ಬೇಡ ಅಂತ ಪರಿಶೀಲನೆ ನಡೆದಿದೆ ಅನ್ನುವ ಸಾಲೂ ಇತ್ತು. ಮೊದಲ ಸಾಲು ಎಲ್ಲರಿಗೂ ಬಾಯಿಪಾಠ. ಎರಡನೆಯದನ್ನು ಯಾರೂ ಹೇಳುವುದಿಲ್ಲ. ನನ್ನ ಪ್ರಕಾರ ಮುಖ್ಯವಾದದ್ದು ಎರಡನೆಯದೇ.

ನಿಮಗೆ ಬಂದ ಫಾರ್ವರ್ಡ್ ಇಲ್ಲಿಗೆ ಮುಗಿಯುತ್ತದೆ ಅಲ್ವಾ? ಮುಂದೆ ಕೇಳಿ. ಕೇಗಲ್ ಆಗ ಗವರ್ನರ್ ಹುದ್ದೆಗೆ ಸ್ಪರ್ಧಿಸುತ್ತಿದ್ದರು. ಪಕ್ಷದೊಳಗಿನ ಅಂತಿಮ ಸುತ್ತಿನಲ್ಲಿ ಜುಲೈ 24ರಂದು ಬ್ರಯನ್ ಕೆಂಪ್ ಎದುರು ಸೋತರು. ಅದಾಗಿ ಒಂದು ವಾರದೊಳಗೆ ಆಗಿನ ಗವರ್ನರ್ ನೇಥನ್ ಡೀಲ್ ಆದೇಶ ಹೊರಡಿಸಿ, ಆಗಸ್ಟ್ 1ರಿಂದ ಅದೇ ಇಂಧನ ತೆರಿಗೆಯ ವಸೂಲಿ ನಿಲ್ಲಿಸಿದರು. ನವೆಂಬರ್‌ನ ವಿಶೇಷ ಅಧಿವೇಶನದಲ್ಲಿ ಶಾಸನಸಭೆಯೂ ಒಪ್ಪಿತು. ಡೆಲ್ಟಾ ರಿಯಾಯಿತಿಯನ್ನು ವಾಪಸ್ ತರಲಿಲ್ಲ. ತೆರಿಗೆ ವಿನಾಯಿತಿ ಮಾತ್ರ ವಾಪಸ್ ಬಂತು.

‘ಇದೆಲ್ಲ ಬೇಕಿತ್ತಾ’ ಅಂದಿರಿ. ವಿಮಾನ ಕಂಪನಿ ರಾಜಕೀಯದ ಹೊರಗೆ ಇದ್ದದ್ದು ಯಾವಾಗ, ಹೇಳಿ? ಆ ವಿನಾಯಿತಿಯನ್ನು 2015ರಲ್ಲಿ ತೆಗೆದದ್ದು ಶಾಸಕರು. ವಾಪಸ್ ಕೊಡಿ ಅಂತ ಕಂಪನಿ ಬಾಗಿಲು ತಟ್ಟುತ್ತಿದ್ದದ್ದೂ ಶಾಸಕರದ್ದೇ. ಹೊರದೇಶದ ಮಾರ್ಗ ಬೇಕಾದರೆ ಸರ್ಕಾರ ಒಪ್ಪಬೇಕು. ಗಿಜಿಗುಟ್ಟುವ ವಿಮಾನ ನಿಲ್ದಾಣಗಳಲ್ಲಿ ಇಳಿಯಲು ಸಮಯ ಬೇಕಾದರೂ ಸರ್ಕಾರವೇ. 2020ರಲ್ಲಿ ಕೋವಿಡ್ ಬಂದಾಗ ಅಮೆರಿಕದ ಪ್ರಯಾಣಿಕ ವಿಮಾನ ಕಂಪನಿಗಳಿಗೆ ಸಂಬಳ ಕೊಡಲೆಂದೇ ಸರ್ಕಾರ ಮೊದಲ ಕಂತಿನಲ್ಲಿ 2,500 ಕೋಟಿ ಡಾಲರ್ ಇಟ್ಟಿತು. ತೆರಿಗೆ ವಿಷಯಕ್ಕೆ ದಿನಾ ಶಾಸಕರ ಜೊತೆ ಕೂರುವ ಕಂಪನಿ, ಮತದಾನದ ವಿಷಯ ಬಂದಾಗ ‘ನಮಗೆ ರಾಜಕೀಯ ಗೊತ್ತಿಲ್ಲ’ ಅಂದರೆ ನಾನು ನಂಬುವುದಿಲ್ಲ.

ಹಾಗಂತ ಮಾತಾಡಿದ್ದೆಲ್ಲ ಸರಿ ಅನ್ನುತ್ತಿಲ್ಲ. ಅದೇ ಡೆಲ್ಟಾ, ಅದೇ ಜಾರ್ಜಿಯಾ, ಅದೇ ಬಾಸ್ಟಿಯನ್, ಮೂರು ವರ್ಷದ ನಂತರ. 2021ರ ಮಾರ್ಚ್ 25ರಂದು ಗವರ್ನರ್ ಕೆಂಪ್ ಎಸ್‌ಬಿ 202 ಅನ್ನುವ ಚುನಾವಣಾ ಮಸೂದೆಗೆ ಸಹಿ ಹಾಕಿದರು. ಅಂಚೆ ಮತಕ್ಕೆ ಗುರುತಿನ ದಾಖಲೆ ಕಡ್ಡಾಯವಾಯಿತು. ಮತಪತ್ರ ಹಾಕುವ ಡ್ರಾಪ್ ಬಾಕ್ಸ್‌ಗಳಿಗೆ ಮಿತಿ ಬಂತು. ಸಾಲಿನಲ್ಲಿ ನಿಂತ ಮತದಾರರಿಗೆ ಬೇರೆಯವರು ನೀರು, ತಿಂಡಿ ಹಂಚುವುದಕ್ಕೂ ತಡೆ ಬಂತು. ಕಪ್ಪು ಜನರ ಮತಕ್ಕೆ ಇದರಿಂದ ಅಡ್ಡಿ ಅನ್ನುವುದು ವಿರೋಧಿಗಳ ವಾದ.

ಮರುದಿನ ಬಾಸ್ಟಿಯನ್ ಕೊಟ್ಟ ಹೇಳಿಕೆ ನೋಡಿ. ಎರಡೂ ಪಕ್ಷದವರ ಜೊತೆ ನಾವು ಸಾಕಷ್ಟು ಮಾತಾಡಿದ್ದೇವೆ, ಮಸೂದೆ ಶಾಸನಸಭೆಯಲ್ಲಿ ಬಹಳ ಸುಧಾರಿಸಿದೆ ಅಂದರು. ವಾರಾಂತ್ಯದ ಮತದಾನ ಹೆಚ್ಚಿತು ಅಂತ ಮೆಚ್ಚಿದರು. ಡೆಲ್ಟಾವನ್ನು ಬಹಿಷ್ಕರಿಸಿ ಅನ್ನುವ ಕೂಗು ಎದ್ದಿತು. ಮಾರ್ಚ್ 31ರಂದು ಔಷಧ ಕಂಪನಿ ಮರ್ಕ್‌ನ ಆಗಿನ ಸಿಇಒ ಕೆನ್ ಫ್ರೇಜಿಯರ್ ಮತ್ತು ಕಾರ್ಡ್ ಕಂಪನಿ ಅಮೆರಿಕನ್ ಎಕ್ಸ್‌ಪ್ರೆಸ್‌ನ ಮಾಜಿ ಸಿಇಒ ಕೆನೆತ್ ಚೆನಾಲ್ಟ್ ಮುಂದಾಳತ್ವದಲ್ಲಿ ಹತ್ತಾರು ಕಪ್ಪು ಉದ್ಯಮಿಗಳು ‘ಕಂಪನಿಗಳು ಈಗಲಾದರೂ ಬಾಯಿ ಬಿಡಲಿ’ ಅಂತ ಬಹಿರಂಗ ಪತ್ರ ಬರೆದರು. ಅದೇ ದಿನ ಬಾಸ್ಟಿಯನ್ ಇನ್ನೊಂದು ಪತ್ರ ಕಳಿಸಿದರು. ಈ ಕಾನೂನು ಒಪ್ಪುವಂಥದ್ದಲ್ಲ, ಇದರ ಪೂರ್ತಿ ಕಾರಣವೇ 2020ರ ಚುನಾವಣೆಯಲ್ಲಿ ಭಾರೀ ಅಕ್ರಮ ನಡೆಯಿತು ಅನ್ನುವ ಸುಳ್ಳಿನ ಮೇಲೆ ನಿಂತಿದೆ ಅಂದರು.

ಐದು ದಿನದಲ್ಲಿ ಕಾನೂನಿನ ಒಂದು ಅಕ್ಷರವೂ ಬದಲಾಗಿರಲಿಲ್ಲ. ನಮ್ಮ ಜೊತೆ ನಡೆದ ಮಾತುಕತೆಗೂ ಈ ಪತ್ರಕ್ಕೂ ಸಂಬಂಧವೇ ಇಲ್ಲ ಅಂತ ಕೆಂಪ್ ಹೇಳಿದ್ದು ಇದಕ್ಕೇ. ರಾಜ್ಯದ ಕೆಳಮನೆ ಆ ರಾತ್ರಿಯೇ ಇಂಧನ ತೆರಿಗೆ ವಿನಾಯಿತಿ ತೆಗೆಯಲು ಮತ ಹಾಕಿತು. ಕೈ ಕಚ್ಚುವ ನಾಯಿಗೆ ಅನ್ನ ಹಾಕುವುದಿಲ್ಲ ಅಂತ ಸ್ಪೀಕರ್ ಡೇವಿಡ್ ರಾಲ್ಸ್ಟನ್ ಅಂದರು. ಮೇಲ್ಮನೆ ಅದನ್ನು ಕೈಗೆತ್ತಿಕೊಳ್ಳದೆ ಅಧಿವೇಶನ ಮುಗಿಸಿತು. ವಿನಾಯಿತಿ ಉಳಿಯಿತು.

ಈ ಎರಡು ಘಟನೆಗಳಲ್ಲಿ ನಾನು 2018ರದ್ದನ್ನು ಮೆಚ್ಚುತ್ತೇನೆ. ಮಾಡಿದ ಕೆಲಸ ಸಣ್ಣದು, ಆದರೆ ಪೂರ್ತಿ ಕಂಪನಿಯ ಕೈಯಲ್ಲಿತ್ತು. ರಿಯಾಯಿತಿ ಅವರದು, ನಿಲ್ಲಿಸಿದರು, ಬೆದರಿಕೆ ಬಂದಾಗ ನಿಂತರು. 2021ರಲ್ಲಿ ಮಾತು ದೊಡ್ಡದಿತ್ತು, ಆದರೆ ಸಹಿಯ ಶಾಯಿ ಒಣಗಿದ ಮೇಲೆ ಬಂತು. ಡೆಲ್ಟಾ ಆ ರಾಜ್ಯದ ಅತಿ ದೊಡ್ಡ ಖಾಸಗಿ ಉದ್ಯೋಗದಾತ. ಅದರ ಮಾತಿಗೆ ಬೆಲೆ ಇದ್ದದ್ದು ಮಸೂದೆ ಸಮಿತಿಯಲ್ಲಿ ಇದ್ದಾಗ. ಆಗ ಒಳಗೆ ಮೆತ್ತಗೆ ಮಾತಾಡಿ, ಆಮೇಲೆ ಹೊರಗೆ ಗಟ್ಟಿಯಾಗಿ ಮಾತಾಡಿದರೆ ಎರಡೂ ಕಡೆಯವರ ನಂಬಿಕೆ ಹೋಗುತ್ತದೆ. ಮತದಾನದ ಹಕ್ಕು ಇದಕ್ಕಿಂತ ಒಳ್ಳೆಯ ವಕೀಲರನ್ನು ಬೇಡುವ ವಿಷಯ.

ನಾನು ನೋಡುವುದು ಎರಡನ್ನೇ. ಕಂಪನಿ ಮಾತಾಡಿದ್ದು ಕಾನೂನು ಆಗುವ ಮೊದಲೋ, ನಂತರವೋ? ತನ್ನ ಕೈಯಲ್ಲಿದ್ದ ಏನನ್ನಾದರೂ ಬದಲಿಸಿತೋ, ಸುಮ್ನೆ ಹೇಳಿಕೆ ಕೊಟ್ಟಿತೋ? 2018ರ ಜೂನ್‌ನಲ್ಲಿ ಗಡಿಯಲ್ಲಿ ಅಪ್ಪ ಅಮ್ಮನಿಂದ ಬೇರ್ಪಡಿಸಿದ ವಲಸಿಗ ಮಕ್ಕಳನ್ನು ನಮ್ಮ ವಿಮಾನಗಳಲ್ಲಿ ಸಾಗಿಸಬೇಡಿ ಅಂತ ಅಮೆರಿಕನ್, ಯುನೈಟೆಡ್, ಫ್ರಾಂಟಿಯರ್ ಕಂಪನಿಗಳು ಸರ್ಕಾರವನ್ನು ಕೇಳಿಕೊಂಡವು. ಸೀಟು ಅವರದು, ಮಾತೂ ಅವರದು. ಅಂಥದ್ದಕ್ಕೆ ನನ್ನ ತಕರಾರಿಲ್ಲ.

ಪ್ರಶ್ನೆ: ಆಸ್ಟ್ರೇಲಿಯಾದ ಕ್ವಾಂಟಾಸ್ ಒಳ್ಳೆಯ ಕೆಲಸಕ್ಕೇ ಬೆಂಬಲ ಕೊಟ್ಟಿತು. ಆದರೂ ಜನ ಯಾಕೆ ತಿರುಗಿಬಿದ್ದರು?

ಬೆಂಬಲ ಕೊಟ್ಟಿದ್ದಕ್ಕೆ ತಿರುಗಿಬಿದ್ದರು ಅಂತ ಹೇಳುವವರು ಕ್ಯಾಲೆಂಡರ್ ನೋಡಿಲ್ಲ. 2017ರಲ್ಲಿ ಸಲಿಂಗ ವಿವಾಹದ ಪರವಾಗಿ ಕ್ವಾಂಟಾಸ್ ನಿಂತಿತು. ಸಿಇಒ ಅಲನ್ ಜಾಯ್ಸ್ ಸ್ವಂತ ಜೇಬಿನಿಂದ 10 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಟ್ಟರು. ಅಂಚೆ ಸಮೀಕ್ಷೆಯಲ್ಲಿ ಶೇ 61.6 ಜನ ‘ಹೌದು’ ಅಂದರು. ಕಂಪನಿಗೆ ಏನೂ ಆಗಲಿಲ್ಲ.

2023ರ ಆಗಸ್ಟ್‌ನಲ್ಲಿ ಸಂಸತ್ತಿಗೆ ಸಲಹೆ ಕೊಡುವ ಮೂಲನಿವಾಸಿಗಳ ಮಂಡಳಿಯೊಂದನ್ನು ಸಂವಿಧಾನಕ್ಕೆ ಸೇರಿಸಬೇಕೇ ಅನ್ನುವ ಜನಮತಗಣನೆಯಲ್ಲಿ ‘ಹೌದು’ ಪರವಾಗಿ ಮೂರು ವಿಮಾನಗಳ ಮೇಲೆ ‘ಯೆಸ್’ ಲಾಂಛನ ಬರೆಸಿತು. ಅದೇ ತಿಂಗಳ ಕೊನೆಗೆ ಗ್ರಾಹಕ ಆಯೋಗ ಕೋರ್ಟಿಗೆ ಹೋಯಿತು. ಆಗಲೇ ರದ್ದು ಮಾಡಿದ್ದ ಸಾವಿರಾರು ವಿಮಾನಗಳ ಟಿಕೆಟನ್ನು ಕ್ವಾಂಟಾಸ್ ಮಾರುತ್ತಲೇ ಇತ್ತು ಅನ್ನುವುದು ಆರೋಪ. ಕಂಪನಿ ಕೊನೆಗೆ ತಪ್ಪೊಪ್ಪಿ 10 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಕಟ್ಟಿತು. ಸೆಪ್ಟೆಂಬರ್ 5ರಂದು ಜಾಯ್ಸ್ ಅವಧಿಗೆ ಮೊದಲೇ ಹೊರನಡೆದರು. 13ಕ್ಕೆ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿನ ತೀರ್ಪು ಬಂತು. ಕೋವಿಡ್ ಸಮಯದಲ್ಲಿ ಸುಮಾರು 1,700 ನೆಲಸಿಬ್ಬಂದಿಯನ್ನು ತೆಗೆದು ಹೊರಗುತ್ತಿಗೆಗೆ ಕೊಟ್ಟದ್ದು ಕಾನೂನುಬಾಹಿರ ಅಂತ. ಅಕ್ಟೋಬರ್ 14ರ ಜನಮತಗಣನೆ ಸೋತಿತು.

ತನ್ನ ಬ್ಯಾಗೇಜ್ ಎತ್ತುವವರನ್ನು ಹೀಗೆ ನಡೆಸಿಕೊಂಡ ಕಂಪನಿ ನ್ಯಾಯದ ಪಾಠ ಹೇಳಲು ಬಂದರೆ, ಆ ನ್ಯಾಯದ ಹೆಸರೂ ಕೆಡುತ್ತದೆ. ಮೂಲನಿವಾಸಿಗಳ ಬೇಡಿಕೆಗೆ ಇಂಥ ಗೆಳೆಯರು ಬೇಕಿರಲಿಲ್ಲ.

ಪ್ರಶ್ನೆ: ಹಾಂಗ್‌ಕಾಂಗ್‌ನ ಕ್ಯಾಥೆ ಪೆಸಿಫಿಕ್ ಹಾಗೆ ತಟಸ್ಥವಾಗಿ ಇದ್ದರೆ ಕಷ್ಟವೇ ಇಲ್ಲವಲ್ಲ?

ಯಾರು ಹೇಳಿದ್ದು ನಿಮಗೆ? 2019ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸರ್ಕಾರದ ವಿರುದ್ಧ ಪ್ರತಿಭಟನೆ ನಡೆಯುತ್ತಿದ್ದ ಹೊತ್ತಲ್ಲಿ, ನೌಕರರು ಏನು ಯೋಚಿಸಬೇಕು ಅಂತ ನಾವು ಹೇಳುವುದಿಲ್ಲ ಅಂದಿದ್ದರು ಆ ಕಂಪನಿಯ ಅಧ್ಯಕ್ಷ ಜಾನ್ ಸ್ಲೋಸರ್. ಆಗಸ್ಟ್ 9ಕ್ಕೆ ಚೀನಾದ ವಿಮಾನಯಾನ ಪ್ರಾಧಿಕಾರ ಆದೇಶ ಕಳಿಸಿತು. ಅಕ್ರಮ ಪ್ರತಿಭಟನೆಗೆ ಹೋದ ಸಿಬ್ಬಂದಿ ಚೀನಾಕ್ಕೆ ಬರುವ ವಿಮಾನದಲ್ಲಿ ಇರಕೂಡದು ಅಂತ. ಒಂದು ವಾರದಲ್ಲಿ ಸಿಇಒ ರೂಪರ್ಟ್ ಹಾಗ್ ರಾಜೀನಾಮೆ ಕೊಟ್ಟರು. ಸ್ಲೋಸರ್ ಕೂಡ ಉಳಿಯಲಿಲ್ಲ.

ಪ್ರಶ್ನೆ: ಬಾಯ್ಕಾಟ್ ಮಾಡಿದರೆ ಕಂಪನಿ ಮುಳುಗುತ್ತದೆ ಅಂತ ಒಂದು ವಿಡಿಯೊ ನೋಡಿದೆ. ಷೇರು ಬೆಲೆಯ ಗ್ರಾಫ್ ಕೂಡ ತೋರಿಸಿದ್ದರು.

ಆ ಗ್ರಾಫ್ ತೋರಿಸುವವರ ಮಾತು ನಂಬಿ ದುಡ್ಡು ಹಾಕಬೇಡಿ, ತೆಗೆಯಲೂಬೇಡಿ. ವಿಮಾನ ಕಂಪನಿಯ ಷೇರು ಇಂಧನ ಬೆಲೆಗೆ ಅಲುಗಾಡುತ್ತದೆ, ಬಡ್ಡಿದರಕ್ಕೆ ಅಲುಗಾಡುತ್ತದೆ. ಒಂದು ಹೇಳಿಕೆಯ ದಿನವನ್ನು ಕೆಂಪು ಗೆರೆ ಎಳೆದು ತೋರಿಸುವುದು ಜ್ಯೋತಿಷ್ಯದ ಕೆಲಸ.

2021ರಲ್ಲಿ ಡೆಲ್ಟಾವನ್ನು ಬಹಿಷ್ಕರಿಸಿ ಅಂತ ಮೊದಲು ಒಂದು ಕಡೆಯವರು ಕೂಗಿದರು. ಅದಾಗಿ ಕೆಲವೇ ದಿನಕ್ಕೆ ಡೊನಾಲ್ಡ್ ಟ್ರಂಪ್ ಇನ್ನೊಂದು ಕಡೆಯಿಂದ ಅದನ್ನೇ ಹೇಳಿದರು. ಅಟ್ಲಾಂಟಾ ನಿಲ್ದಾಣದ ಹೆಚ್ಚುಕಡಿಮೆ ಮುಕ್ಕಾಲು ಪಾಲು ಪ್ರಯಾಣಿಕರು ಹೋಗುವುದು ಡೆಲ್ಟಾದಲ್ಲೇ. ಬೆಳಿಗ್ಗೆ ಮೀಟಿಂಗ್ ಇರುವವನು ಬೇರೆ ಯಾವುದನ್ನು ಹತ್ತಬೇಕು? ಜೊತೆಗೆ ಕಂಪನಿ ಹೆಸರಿನ ಕ್ರೆಡಿಟ್ ಕಾರ್ಡ್ ಇದೆ, ಹಾರಿದ್ದಕ್ಕೆ ಸಿಗುವ ಮೈಲ್ಸ್ ಪಾಯಿಂಟ್ ಇದೆ. ಅಮೆರಿಕನ್ ಎಕ್ಸ್‌ಪ್ರೆಸ್ ಜೊತೆಗಿನ ಒಪ್ಪಂದದಿಂದಲೇ 2023ರಲ್ಲಿ ಡೆಲ್ಟಾಕ್ಕೆ ಬಂದದ್ದು ಸುಮಾರು 680 ಕೋಟಿ ಡಾಲರ್. ಹ್ಯಾಷ್‌ಟ್ಯಾಗ್ ಅಷ್ಟು ಬೇಗ ಅದನ್ನು ಅಲುಗಾಡಿಸುವುದಿಲ್ಲ. ಬಹಿಷ್ಕಾರ ನಿಮ್ಮ ಆತ್ಮಸಾಕ್ಷಿಯ ಪ್ರಶ್ನೆಯಾದರೆ ಮಾಡಿ, ಅದಕ್ಕೆ ಗೌರವ ಇದೆ. ಕಂಪನಿ ಮುಳುಗಲಿ ಅಂತ ಕಾಯಬೇಡಿ.

ಪ್ರಶ್ನೆ: ನಮ್ಮ ಕಂಪನಿಗೆ ಬ್ರ್ಯಾಂಡ್ ಸಲಹೆಗಾರರೊಬ್ಬರು ಯಾವ ವಿಷಯಕ್ಕೆ ಮಾತಾಡಬೇಕು ಅಂತ ಅಂಕ ಕೊಟ್ಟು ಪಟ್ಟಿ ಮಾಡಿಕೊಡುತ್ತೇನೆ ಅನ್ನುತ್ತಿದ್ದಾರೆ.

ಬೇಡ ಅನ್ನಿ.

ಪ್ರಶ್ನೆ: ನಾನು ಕ್ಯಾಬಿನ್ ಸಿಬ್ಬಂದಿ. ಯೂನಿಫಾರ್ಮ್ ಮೇಲೆ ನನಗೆ ಮುಖ್ಯವೆನಿಸುವ ವಿಷಯದ ಬ್ಯಾಡ್ಜ್ ಹಾಕಬಹುದಾ?

ಲಿಖಿತ ನಿಯಮ ಓದದೆ ಹಾಕಬೇಡಿ. ಈ ವಿಷಯದಲ್ಲಿ ನಾನು ಜಾಸ್ತಿ ಹೆದರುವವನು, ಅದಕ್ಕೆ ಕಾರಣವೂ ಇದೆ. 2024ರ ಜುಲೈನಲ್ಲಿ ಡೆಲ್ಟಾದ ಇಬ್ಬರು ಸಿಬ್ಬಂದಿಯ ಎದೆ ಮೇಲೆ ಇದ್ದ ಪ್ಯಾಲೆಸ್ಟೀನ್ ಬಾವುಟದ ಪಿನ್ನಿನ ಫೋಟೊ ಹರಿದಾಡಿತು. ಅದನ್ನು ಹಮಾಸ್ ಬ್ಯಾಡ್ಜ್ ಅಂತ ಕರೆದವರಿಗೆ, ನನಗೂ ಹೆದರಿಕೆಯಾಗುತ್ತಿತ್ತು ಅಂತ ಕಂಪನಿಯ ಅಧಿಕೃತ ಖಾತೆಯಿಂದಲೇ ಉತ್ತರ ಹೋಯಿತು. ಆಮೇಲೆ ಕ್ಷಮೆ ಕೇಳಿದರು. ಅದುವರೆಗೆ ಬೇರೆ ದೇಶಗಳ ಬಾವುಟದ ಪಿನ್ನಿಗೆ ಅವಕಾಶ ಇತ್ತು. ಜುಲೈ 15ರಿಂದ ಅಮೆರಿಕದ ಬಾವುಟ ಮಾತ್ರ ಅಂತ ನಿಯಮ ಬದಲಾಯಿತು. ನಿಯಮ ಮುರಿಯದ ಇಬ್ಬರು ನೌಕರರ ಫೋಟೊ ಮಾತ್ರ ಊರೆಲ್ಲ ಓಡಾಡಿತು. ಕಂಪನಿ ದೊಡ್ಡ ಹೇಳಿಕೆ ಕೊಟ್ಟಿದೆ ಅಂತ ನಿಮಗೂ ಮಾತಾಡಲು ಅನುಮತಿ ಸಿಕ್ಕಿತು ಅಂದುಕೊಳ್ಳಬೇಡಿ. ಯೂನಿಯನ್ ಇದ್ದರೆ ಮೊದಲು ಅವರನ್ನು ಕೇಳಿ.

ಪ್ರಶ್ನೆ: ಅಮೆರಿಕದ ವಿಮಾನ ಕಂಪನಿಗಳು ಟಿಕೆಟ್ ದುಡ್ಡನ್ನು ನೇರವಾಗಿ ಸಂಸದರಿಗೆ ಕೊಡುತ್ತವೆಯೇ?

ಇಲ್ಲ. ಕಂಪನಿ ಖಜಾನೆಯಿಂದ ಫೆಡರಲ್ ಅಭ್ಯರ್ಥಿಗೆ ನೇರ ದೇಣಿಗೆ ಕೊಡುವುದಕ್ಕೆ 1907ರಿಂದ ನಿಷೇಧ ಇದೆ. ಪ್ಯಾಕ್, ಅಂದರೆ ಚುನಾವಣಾ ದೇಣಿಗೆ ಕೂಡಿಸಿ ಕೊಡುವ ಸಮಿತಿ, ಅದರ ಹೆಸರಿನಲ್ಲಿ ಹೋಗುವುದು ಅಧಿಕಾರಿಗಳು, ಷೇರುದಾರರು ತಾವಾಗಿ ಕೊಟ್ಟ ದುಡ್ಡು. ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಮಿತಿ 5,000 ಡಾಲರ್. ಲಾಬಿಗೆ ಕಂಪನಿಯ ದುಡ್ಡೇ ಹೋಗುತ್ತದೆ, ಅದು ಬೇರೆ ಲೆಕ್ಕ. ಪ್ಯಾಕ್ ಯಾರಿಗೆ ಎಷ್ಟು ಕೊಟ್ಟಿತು ಅನ್ನುವುದು ಫೆಡರಲ್ ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ. ಸಿಇಒ ಪತ್ರದಲ್ಲಿ ಯಾವ ಮಸೂದೆಯನ್ನು ಬೈದರೋ, ಅಂಥ ಮಸೂದೆ ತಂದವರ ಹೆಸರು ಆ ಪಟ್ಟಿಯಲ್ಲಿ ಇದೆಯೇ ಅಂತ ನೋಡಿ, ಆಮೇಲೆ ನನಗೆ ಬರೆಯಿರಿ.