ಗಾಜಿನ ತೊಟ್ಟಿಗೂ ಒಂದು ಕೋಡಿ

ಪ್ರಶ್ನೆ: ನಮ್ಮಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಅಕ್ವೇರಿಯಂ ಇದೆ. ಮೂರು ವರ್ಷದಿಂದ ಮೀನು, ಗಿಡ ಎಲ್ಲ ಚೆನ್ನಾಗಿ ನೆಲೆಯೂರಿವೆ. ಈಗ ಕೆಳಗೆ ಸಂಪ್, ಅಂದರೆ ಮೇಲಿನ ನೀರು ಇಳಿದು ಬಂದು ಪಂಪಿನಿಂದ ವಾಪಸ್ ಏರುವ ಇನ್ನೊಂದು ತೊಟ್ಟಿ, ಇಡಬೇಕೆಂದಿದ್ದೇವೆ. ನೀರು ಕೆಳಗಿಳಿಸಲು ಅಂಗಡಿಯವರು ಹಿಂಬದಿಗೆ ತೂಗುಹಾಕುವ ಓವರ್‌ಫ್ಲೋ ಬಾಕ್ಸ್ ಸಾಕು ಅನ್ನುತ್ತಾರೆ, ಗೆಳೆಯರು ಗಾಜಿಗೆ ತೂತು ಹಾಕಿಸಿ ಅನ್ನುತ್ತಾರೆ. ಕರೆಂಟ್ ಬೇರೆ ಆಗಾಗ ಹೋಗುತ್ತದೆ. ಯಾವುದು ಸರಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಗಾಜು ಒಪ್ಪಿದರೆ ತೂತೇ ಸರಿ. 2022ರಲ್ಲಿ, 89 ವರ್ಷಗಳ ಬಳಿಕ, ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು ನಿಮಗೆ ನೆನಪಿರಬೇಕು. ನೀರು 130 ಅಡಿ ದಾಟಿದ್ದೇ ತಡ, ತಾನಾಗಿ ಹರಿಯಿತು. ತೂತು ಹಾಕಿದ ತೊಟ್ಟಿಯೂ ಹಾಗೆಯೇ: ಮಟ್ಟ ಮೀರಿದ ನೀರು ತನ್ನ ಭಾರಕ್ಕೇ ಇಳಿಯುತ್ತದೆ. ತೂಗುಹಾಕುವ ಬಾಕ್ಸಿನಲ್ಲಿ ನೀರು ಗಾಜಿನ ಅಂಚನ್ನು ಹತ್ತಿ ಇಳಿಯಬೇಕು. ಬೈಕಿನ ಟ್ಯಾಂಕಿನಿಂದ ಪೈಪಿನಲ್ಲಿ ಪೆಟ್ರೋಲ್ ಇಳಿಸುವ ಹಾಗೆ, ಸೈಫನ್ನಿನಿಂದ. ಪೈಪಿನೊಳಗೆ ಗಾಳಿ ಸೇರಿದರೆ ಹರಿವು ನಿಂತಿತು; ಪಂಪ್ ಮಾತ್ರ ನೀರು ಮೇಲೆತ್ತುತ್ತಲೇ ಇರುತ್ತದೆ.

ಮೊದಲು ಗಾಜು ಪರೀಕ್ಷಿಸಿ. ಟಫನ್ಡ್ (ಕಾಯಿಸಿ ಗಟ್ಟಿಮಾಡಿದ) ಗಾಜಾದರೆ ಡ್ರಿಲ್ ತಾಗುತ್ತಲೇ ಇಡೀ ಹಲಗೆ ಪುಡಿಪುಡಿ. ಹಿಂಬದಿ ಗಾಜಿನ ಆಚೆ ಲ್ಯಾಪ್‌ಟಾಪಿನ ಬಿಳಿ ಪರದೆ ಇಟ್ಟು, ಪೋಲರೈಸ್ಡ್ ಕನ್ನಡಕ ಹಾಕಿಕೊಂಡು ಈಚೆಯಿಂದ ನೋಡಿ, ಕನ್ನಡಕವನ್ನು ನಿಧಾನ ತಿರುಗಿಸಿ. ಕಪ್ಪು ಚುಕ್ಕೆ, ಕಾಮನಬಿಲ್ಲಿನಂಥ ಪಟ್ಟೆ ಕಂಡರೆ ಟಫನ್ಡ್; ತೂತಿನ ಮಾತು ಅಲ್ಲಿಗೇ ಬಿಡಿ. ಸಂಶಯ ಉಳಿದರೂ ಬಿಡಿ.

ಸಾದಾ ಗಾಜಾದರೆ ಹಿಂಬದಿಯಲ್ಲಿ ಎರಡು ತೂತು ಹಾಕಿಸಿ. ತೂತಿಗೆ ಪೈಪ್ ಜೋಡಿಸುವ 1 ಇಂಚಿನ ಟ್ಯಾಂಕ್ ನಿಪ್ಪಲ್‌ಗೆ ಸುಮಾರು 35 ಮಿ.ಮೀ. ತೂತು ಬೇಕು. ನಿಪ್ಪಲ್ ಮೊದಲೇ ಕೊಂಡು, ಅಳೆದು, ಆಮೇಲೆ ಡೈಮಂಡ್ ಬಿಟ್ ಆರಿಸಿ. ಗಾಜಿನ ಅಂಚಿಗೂ ತೂತಿಗೂ, ಒಂದು ತೂತಿಗೂ ಇನ್ನೊಂದಕ್ಕೂ ನಡುವೆ ಕನಿಷ್ಠ ಒಂದು ತೂತಿನಷ್ಟು ಗಾಜು ಉಳಿಯಲಿ. ಕೊರೆಯುವಾಗ ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು, ಒತ್ತಬಾರದು. ಅವಸರದಲ್ಲಿ ಒತ್ತಿದಾಗಲೇ ಕೊನೆಯ ಒಂದು ಮಿಲಿಮೀಟರ್‌ನಲ್ಲಿ ಗಾಜು ಚಕ್ಕೆ ಏಳುವುದು. ನಿಪ್ಪಲ್ಲಿನ ರಬ್ಬರ್ ವಾಷರ್ ತಲೆಯ ಕಡೆಗೆ, ಅಂದರೆ ನೀರಿನ ಬದಿಗೆ ಬರಲಿ. ಕೈಯಲ್ಲಿ ಬಿಗಿದ ಮೇಲೆ ಇನ್ನು ಕಾಲು ಸುತ್ತು ಸಾಕು. ತೂತುಗಳ ಮುಂದೆ ಹಲ್ಲಿನ ಅಂಚಿರುವ ಪೆಟ್ಟಿಗೆ ಅಂಟಿಸಬೇಕು. ಆ ಹಲ್ಲುಗಳೇ ಕೋಡಿ. ನೀರಿನ ಮಟ್ಟ ನಿರ್ಧರಿಸುವುದು ಅವು, ತೂತಲ್ಲ. ನಿಮ್ಮದು ಸುಮಾರು 240 ಲೀಟರ್ ತೊಟ್ಟಿ, ಗಂಟೆಗೆ ಸಾವಿರ ಲೀಟರ್ ಹರಿವಿಗೆ ಆರು ಇಂಚು ಉದ್ದದ ಕೋಡಿ ಧಾರಾಳ.

ಒಂದು ಪೈಪಿಗೆ ಗೇಟ್ ವಾಲ್ವ್ ಹಾಕಿ ಹರಿವು ಹೊಂದಿಸಿ. ಇನ್ನೊಂದರ ಬಾಯಿ ಎರಡು ಸೆಂ.ಮೀ. ಮೇಲಿರಲಿ, ಅದಕ್ಕೆ ವಾಲ್ವ್ ಬೇಡವೇ ಬೇಡ. ಮೊದಲನೆಯದರಲ್ಲಿ ಎಲೆ ಸಿಕ್ಕಿಕೊಂಡ ದಿನ ಮನೆ ಉಳಿಸುವುದು ಅದು.

ಇಷ್ಟಕ್ಕೆ ತೊಟ್ಟಿ ಖಾಲಿ ಮಾಡಲೇಬೇಕು. ಪೆಟ್ಟಿಗೆ ಅಂಟಿಸಿದ ಸಿಲಿಕಾನಿನ ಹುಳಿವಾಸನೆ ಹೋಗಲು 48 ಗಂಟೆ ಬಿಡಿ. ಬೂಸ್ಟುನಾಶಕ ಬೆರೆಸಿದ ಬಾತ್‌ರೂಮ್ ಸಿಲಿಕಾನ್ ಮೀನಿಗೆ ವಿಷ. ಅಷ್ಟು ದಿನ ಮೀನು ಹಳೆಯ ನೀರು ತುಂಬಿದ ದೊಡ್ಡ ಟಬ್ಬಿನಲ್ಲಿರಲಿ. ಹಳೆಯ ಫಿಲ್ಟರ್ ಅಲ್ಲಿಯೇ ಓಡುತ್ತಿರಲಿ. ಅದರ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆದರೆ ಅಮೋನಿಯಾ ಕರಗಿಸುವ, ಮೂರು ವರ್ಷ ಬೆಳೆದ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಬಲಿ, ಅಮೋನಿಯಾ ಏರಿ ಮೀನು ಸಾಯುತ್ತವೆ.

ಪ್ರಶ್ನೆ: ತೂಗುಹಾಕುವ ಬಾಕ್ಸನ್ನೇ ಹಾಕಿಸಿದ್ದೇವೆ, ಎರಡು ಯು-ಪೈಪ್ (ಸೈಫನ್ ಪೈಪ್) ಇವೆ. ಮೊನ್ನೆ ಕರೆಂಟ್ ಬಂದ ಮೇಲೆ ಹಾಲ್ ತುಂಬ ನೀರು. ತೊಟ್ಟಿ ಅದೇ ನಾಲ್ಕಡಿಯದು, ನೀರಿನ ಮೇಲೆ 3 ಸೆಂ.ಮೀ. ಖಾಲಿ ಜಾಗ ಬಿಟ್ಟಿದ್ದೆವು.
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಕರೆಂಟ್ ಹೋದಾಗ ಪೈಪಿನ ಎರಡೂ ತುದಿ ನೀರಿನಲ್ಲಿ ಮುಳುಗಿದ್ದರೆ ಸೈಫನ್ ಕಡಿಯುವುದಿಲ್ಲ. ಕಡಿದಿದೆ ಅಂದರೆ ಒಳಗೆ ಮೊದಲೇ ಗುಳ್ಳೆ ಕೂಡಿತ್ತು. ಸಣ್ಣ ಪಂಪಿಗೆ ಎರಡು ಪೈಪ್ ಹಾಕಿದರೆ ಒಂದೊಂದರಲ್ಲೂ ನೀರು ತೆವಳುತ್ತದೆ; ಗುಳ್ಳೆಯನ್ನು ತಳ್ಳಿಕೊಂಡು ಹೋಗುವಷ್ಟು ವೇಗ ಇರುವುದಿಲ್ಲ. ಒಂದನ್ನು ತೆಗೆಯಿರಿ. ಗಂಟೆಗೆ ಸಾವಿರ ಲೀಟರಿಗೆ 1 ಇಂಚಿನದು ಒಂದು ಸಾಕು. ಆ ಪೈಪಿನ ನೆತ್ತಿಯಲ್ಲಿ ಬೆಳ್ಳಿಯಂತೆ ಮಿನುಗುವ ಗಾಳಿಯ ಗೆರೆ ಕಾಣುತ್ತಿದೆಯೇ ಎಂದು ದಿನಕ್ಕೊಮ್ಮೆ ನೋಡಿ.

ಅದಕ್ಕಿಂತ ಮುಖ್ಯ, ಲೆಕ್ಕ. ನಿಮ್ಮ ಖಾಲಿ ಜಾಗ 120 × 45 × 3 ಸೆಂ.ಮೀ., ಅಂದರೆ 16 ಲೀಟರ್. ಸಂಪಿನಲ್ಲಿ ಪಂಪ್ ಕೂತಿರುವ ಕೋಣೆ 30 × 30 ಸೆಂ.ಮೀ. ಇದ್ದು, ಅದರಲ್ಲಿ ನೀರು 20 ಸೆಂ.ಮೀ. ಇದೆ ಅಂದುಕೊಳ್ಳಿ. ತಳದ 5 ಸೆಂ.ಮೀ. ಬಿಟ್ಟು ಪಂಪ್ ಎತ್ತುವುದು ಹದಿಮೂರೂವರೆ ಲೀಟರ್. ಕೋಡಿ ಪೂರ್ತಿ ಕಟ್ಟಿಕೊಂಡರೂ ಮೇಲೆ ಹಿಡಿಯುತ್ತದೆ. ‘ಆವಿಯಾಗುತ್ತದೆ, ಇರಲಿ’ ಎಂದು 30 ಸೆಂ.ಮೀ. ತುಂಬಿಸಿದರೆ ಇಪ್ಪತ್ತೆರಡೂವರೆ ಲೀಟರ್ ಏರುತ್ತದೆ, ಮಿಕ್ಕ ಆರು ಲೀಟರ್ ನಿಮ್ಮ ನೆಲಕ್ಕೆ. ಕೋಣೆಯ ಗಾಜಿಗೆ ಗರಿಷ್ಠ ಗೆರೆ ಎಳೆದು ಅದನ್ನು ದಾಟಬೇಡಿ.

ಪಂಪಿನಿಂದ ಮೇಲಿನ ತೊಟ್ಟಿಗೆ ಬರುವ ವಾಪಸ್ ಪೈಪಿನಲ್ಲಿ ನೀರಿನ ಮಟ್ಟದ ಸ್ವಲ್ಪ ಕೆಳಗೆ 4 ಮಿ.ಮೀ. ತೂತು ಇರಲಿ, ಪಂಪ್ ನಿಂತಾಗ ಗಾಳಿ ಎಳೆದು ಹಿಂದಕ್ಕೆ ಹರಿಯುವುದನ್ನು ಕಡಿಯುತ್ತದೆ. ನೀರು ಹಿಂದಕ್ಕೆ ಬಾರದಂತೆ ತಡೆಯುವ ಚೆಕ್ ವಾಲ್ವ್ ಒಂದನ್ನೇ ನೆಚ್ಚಬೇಡಿ. ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ ಕಟ್ಟಿದರೆ ಅದರ ಬಾಯಿ ಮುಚ್ಚುವುದಿಲ್ಲ. ಎಲ್ಲ ಆದ ಮೇಲೆ ಸ್ವಿಚ್ಚನ್ನು ಹತ್ತು ಸಲ ಆರಿಸಿ, ಹತ್ತು ಸಲ ಹಾಕಿ, ಪ್ರತಿ ಸಲ ಎದುರಿಗೆ ನಿಂತು ನೋಡಿ.

ಪ್ರಶ್ನೆ: ಓವರ್‌ಫ್ಲೋ ಪೈಪ್ ರಾತ್ರಿಯಿಡೀ ಗೊಳಗೊಳ ಅನ್ನುತ್ತದೆ. ಪೈಪ್ ಒಂದೇ ಇದೆ.
– ಓದುಗರೊಬ್ಬರು, ಹಿರಿಯೂರು

ಉತ್ತರ: ನೀರಿನ ಜೊತೆ ಗಾಳಿಯೂ ಇಳಿಯುತ್ತಿದೆ. ಪೈಪಿನ ಮೇಲ್ತುದಿಗೆ ಟೀ (‘T’ ಆಕಾರದ, ಮೂರು ಬಾಯಿಯ ಜೋಡಣೆ) ಹಾಕಿ. ಅದರ ಪಕ್ಕದ ಬಾಯಿಗೆ ಎಲ್ಬೋ (ಬಾಗಿದ ಜೋಡಣೆ) ಕೂರಿಸಿ ನೀರೊಳಗೆ ಕೆಳಮುಖ ಮಾಡಿ. ಮೇಲಿನ ಬಾಯಿಗೆ ಕ್ಯಾಪ್ ಹಾಕಿ ಸಣ್ಣ ತೂತು ಕೊರೆಯಿರಿ, ಸದ್ದು ಅಡಗುವವರೆಗೆ ಚೂರುಚೂರೇ ಹಿಗ್ಗಿಸಿ. ಒಂದೇ ಪೈಪ್ ಇರುವಾಗ ಅದಕ್ಕೆ ವಾಲ್ವ್ ಹಾಕಿ ಸದ್ದು ಅಡಗಿಸಲು ಹೋಗಬೇಡಿ. ಕಸ ಕಟ್ಟಿದರೆ ನೀರಿಗೆ ಬೇರೆ ದಾರಿಯೇ ಇರುವುದಿಲ್ಲ.