85 ಫೆಡರಲಿಸ್ಟ್ ಲೇಖನಾನೂ ಓದ್ಬೇಕಾ?

ಅಮೆರಿಕದ ಸಂವಿಧಾನ ಅರ್ಥ ಆಗ್ಬೇಕಂದ್ರೆ ಫೆಡರಲಿಸ್ಟ್ ಪೇಪರ್ಸ್ (ಆ ಸಂವಿಧಾನದ ಪರವಾಗಿ ಆಗ ಬರೆದ ಲೇಖನಗಳು) ಎಲ್ಲಾ 85 ಓದ್ಲೇಬೇಕಾ ಅಂತ ಕೇಳಿದೀರಲ್ಲ, ಖಂಡಿತ ಬೇಡ. ಮೊದ್ಲು ಸಂವಿಧಾನಾನೇ ಒಂದ್ಸಲ ಪೂರ್ತಿ ಓದ್ಬಿಡಿ, ಚಿಕ್ಕದೇ ಇದೆ. ಆಮೇಲೆ 10, 51, 78ನೇ ಲೇಖನ ಸಾಕು. 78ರಲ್ಲಿ ಹ್ಯಾಮಿಲ್ಟನ್ (ಈ ಲೇಖನಗಳನ್ನ ಬರೆದವರಲ್ಲೊಬ್ಬ), ಕೋರ್ಟಿನ ಕೈಲಿ ಕತ್ತಿನೂ ಇಲ್ಲ ಖಜಾನೆನೂ ಇಲ್ಲ, ಅದಕ್ಕೇ ಜಡ್ಜ್‌ಗಳಿಗೆ ನಡತೆ ಸರಿಯಿರೋವರೆಗೂ ಕುರ್ಚಿ ಗ್ಯಾರಂಟಿ ಇರ್ಬೇಕು ಅಂತಾನೆ, ಅದನ್ನ ಓದುವಾಗ ಸಂವಿಧಾನದಲ್ಲಿ ಕೋರ್ಟಿನ ಬಗ್ಗೆ ಇರೋ 3ನೇ ಆರ್ಟಿಕಲ್ ಪಕ್ಕದಲ್ಲೇ ಇಟ್ಕೊಳ್ಳಿ. ಆದ್ರೆ ಇವು 1787-88ರಲ್ಲಿ ನ್ಯೂಯಾರ್ಕಿನವರನ್ನ ಸಂವಿಧಾನಕ್ಕೆ ಒಪ್ಸೋಕೆ ಪತ್ರಿಕೇಲಿ ಮಾಡಿದ ವಕಾಲತ್ತು, ಕಣ್ಮುಚ್ಚಿ ನಂಬ್ಬೇಡಿ. 84ನೇ ಲೇಖನದಲ್ಲಿ ಹ್ಯಾಮಿಲ್ಟನ್ ಸಂವಿಧಾನಕ್ಕೆ ಹಕ್ಕುಗಳ ಪಟ್ಟಿನೇ (ಬಿಲ್ ಆಫ್ ರೈಟ್ಸ್) ಬೇಡ ಅಂದಿದ್ದ, 1791ರಲ್ಲಿ ಅದು ಬಂದೇ ಬಂತು! ಈ ಸಂವಿಧಾನ ಬೇಡ ಅಂದ ವಿರೋಧಿ ಪಾಳಯದಲ್ಲಿ ‘ಬ್ರೂಟಸ್’ ಹೆಸರಲ್ಲಿ ಬರೆದವನದ್ದೂ ಓದಿ, ಕೋರ್ಟಿಗೆ ಅತಿಯಾದ ಅಧಿಕಾರ ಸಿಕ್ಬಿಡುತ್ತೆ ಅಂತ ಅವನಿಗಿದ್ದ ಭಯ ನೋಡಿದ್ಮೇಲೇ 78 ಯಾಕೆ ಹಾಗಿದೆ ಅಂತ ಹೊಳೆಯೋದು.