ಹೈಸ್ಕೂಲಿನ ಕೊನೆಯ ವರ್ಷಗಳು: ನನಗೆ ಉಳಿದದ್ದು

ಹೈಸ್ಕೂಲಿನ ಕೊನೆಯ ಎರಡು ವರ್ಷಗಳಲ್ಲಿ ಮರೆಯಲಾಗದ್ದು ಏನು, ಅದು ಇಷ್ಟು ವರ್ಷ ಯಾಕೆ ಉಳಿಯುತ್ತದೆ ಎಂದು ಕೇಳಿದ್ದೀರಿ. ಪರೀಕ್ಷೆಯ ಒಂದು ಪ್ರಶ್ನೆಯೂ ನನಗೆ ನೆನಪಿಲ್ಲ. ಬಂದ ಅಂಕಗಳೂ ಮರೆತುಹೋಗಿವೆ. ನೆನಪಿರುವುದು ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ.

ಪೀನ ಮಸೂರದ, ಅಂದರೆ ನಡುವೆ ಉಬ್ಬಿದ ಲೆನ್ಸಿನ, ಸಂಗಮದೂರ ಕಂಡುಹಿಡಿಯುವ ಪ್ರಯೋಗ ನೀವೂ ಮಾಡಿರುತ್ತೀರಿ, ಅಲ್ವಾ? ಕಿಟಕಿಯ ಕಡೆಗೆ ಮಸೂರ ಹಿಡಿಯಬೇಕು. ಹಿಂದೆ ಬಿಳಿ ಹಾಳೆ ಇಟ್ಟು, ದೂರದ ಮರವೋ ಕಟ್ಟಡವೋ ಸ್ಪಷ್ಟವಾಗಿ ಮೂಡುವವರೆಗೆ ಹಿಂದೆ ಮುಂದೆ ಸರಿಸಬೇಕು. ಮಸೂರಕ್ಕೂ ಹಾಳೆಗೂ ಎಷ್ಟು ಅಂತರವೋ ಅದೇ ಉತ್ತರ. ನಮಗೆ ಸುಮಾರು 20 ಸೆಂಟಿಮೀಟರ್ ಬಂತು. ಬರೆದುಕೊಂಡೆವು. ಆದರೆ ಮಸೂರ ಕೆಳಗಿಡಲು ಮನಸ್ಸು ಬರಲಿಲ್ಲ. ಅಂಗೈಯಗಲದ ಹಾಳೆಯಲ್ಲಿ ಆಟದ ಮೈದಾನ ಪೂರ್ತಿ ತಲೆಕೆಳಗಾಗಿ ನಿಂತಿತ್ತು, ಬಣ್ಣದ ಸಮೇತ. ಮೇಲೆ ನೆಲ, ಕೆಳಗೆ ಆಕಾಶ. ಇರುವೆಯಷ್ಟು ಪುಟ್ಟ ಮಕ್ಕಳು ಚೆಂಡಿನ ಹಿಂದೆ ಓಡುತ್ತಿದ್ದರು.

ಬೆಲ್ ಹೊಡೆಯಿತು, ಎಲ್ಲರೂ ಹೊರಟರು. ಟೀಚರ್ ಬೈಯುತ್ತಾರೆ ಅಂದುಕೊಂಡೆವು. ಅವರು ಸುಮ್ನೆ ಹೋಗಿ ಉಳಿದ ಕಿಟಕಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದರು. ಕೋಣೆ ಕತ್ತಲಾದಷ್ಟೂ ಹಾಳೆಯ ಮೈದಾನ ಹೊಳೆಯಿತು. ಆಮೇಲೆ ಅವರೂ ಬಂದು ನಮ್ಮ ಜೊತೆ ಬಗ್ಗಿ ನೋಡಿದರು. ಪಾಠದ ಒಂದು ಮಾತೂ ಆಡಲಿಲ್ಲ. ಅಂಥ ಟೀಚರ್ ಸಿಕ್ಕಿದ್ದು ನಮ್ಮ ಪುಣ್ಯ.

ಅದೇ ವರ್ಷ ನನಗೆ ಜ್ವರ ಬಂದು ಎರಡು ವಾರ ಶಾಲೆ ತಪ್ಪಿತು. ವಾಪಸ್ ಹೋದ ದಿನ ಗೆಳತಿ ಒಂದು ನೋಟ್‌ಬುಕ್ ಕೈಗಿಟ್ಟಳು. ಅಷ್ಟೂ ದಿನದ ಪಾಠ ಅವಳ ದುಂಡು ಅಕ್ಷರದಲ್ಲಿತ್ತು. ತನ್ನ ಪುಸ್ತಕಕ್ಕೆ ಒಮ್ಮೆ, ನನಗಾಗಿ ಇನ್ನೊಮ್ಮೆ ಬರೆದಿದ್ದಳು. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ತರಗತಿಯ ಸುದ್ದಿ: ಯಾರು ಯಾರ ಜೊತೆ ಮಾತು ಬಿಟ್ಟರು, ಯಾರು ನಿದ್ದೆ ಮಾಡಿ ಸಿಕ್ಕಿಬಿದ್ದರು. ಒಂದು ಪುಟದಲ್ಲಿ, 'ಇವತ್ತು ಮತ್ತೆ ಮೈದಾನ ನೋಡಿದೆ, ನೀನಿಲ್ಲದೆ ಚೆನ್ನಾಗಿರಲಿಲ್ಲ' ಎಂದಿತ್ತು. ಪ್ರತಿ ದಿನದ ಪಾಠದ ಕೆಳಗೂ ಒಂದೇ ಪ್ರಶ್ನೆ: 'ಜ್ವರ ಇಳೀತೇನೇ?' ನಾನು ಓದುವುದು ಜ್ವರ ಇಳಿದ ಮೇಲೆಯೇ ಎಂದು ಗೊತ್ತಿದ್ದರೂ ದಿನವೂ ಕೇಳಿದ್ದಳು.

ಯಾಕೆ ಉಳಿಯುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಮಾತಿದೆ. 40 ದಾಟಿದವರಿಗೆ ಹಳೆಯದನ್ನು ನೆನೆಸಿಕೊಳ್ಳಿ ಎಂದರೆ, ಸುಮಾರು 10ರಿಂದ 30 ವಯಸ್ಸಿನೊಳಗೆ ನಡೆದದ್ದೇ ಜಾಸ್ತಿ ಬರುತ್ತದಂತೆ. ಆ ವಯಸ್ಸಿನಲ್ಲಿ ಎಷ್ಟೋ ಸಂಗತಿಗಳು ಮೊದಲ ಸಲ ಆಗುತ್ತವೆ, ಅದಕ್ಕೇ ಗಟ್ಟಿಯಾಗಿ ಕೂರುತ್ತವೆ ಎನ್ನುವುದು ಅದಕ್ಕೆ ಕೊಡುವ ಒಂದು ಕಾರಣ. ನನ್ನ ಮಟ್ಟಿಗೆ ಇದು ನಿಜ. ಮನೆಯವರಲ್ಲದ ಒಬ್ಬರು ನನ್ನನ್ನು ಅಷ್ಟು ನೆನೆಸಿಕೊಂಡಿದ್ದು ಅದೇ ಮೊದಲು.

ನಿಮ್ಮ ಪ್ರಶ್ನೆ ಓದಿ ಆ ನೋಟ್‌ಬುಕ್ ಹೊರಗೆ ತೆಗೆದೆ. ಪೆನ್ಸಿಲ್ ಬರಹ ಮಾಸಿದೆ, ಆದರೂ ಓದಬಹುದು. ಒಂದು ಪುಟದ ಫೋಟೋ ತೆಗೆದು ಅವಳಿಗೆ ಕಳಿಸಿದೆ. ಎರಡೇ ನಿಮಿಷದಲ್ಲಿ ಉತ್ತರ ಬಂತು:

'ಜ್ವರ ಇಳೀತೇನೇ?'